ಬೆರಳು, ಮೂಗು, ಗಡಿಯಾರ: ಶಾಲಾಮಕ್ಕಳ ಬಾಯಿಯ ಅಭ್ಯಾಸಗಳನ್ನು ಅರಿತ ಬಗೆ

ಹಿಂದೂಪುರದಿಂದ ಲೇಪಾಕ್ಷಿ ಹದಿನೈದು ಕಿಲೋಮೀಟರಿನ ಆಸುಪಾಸು. 16ನೇ ಶತಮಾನದ ವೀರಭದ್ರ ದೇವಾಲಯದ ಚಾವಣಿಯಲ್ಲಿ ಆಲದೆಲೆಯ ಮೇಲೆ ಮಲಗಿದ ಬಾಲಕೃಷ್ಣನ ಚಿತ್ರವಿದೆ. ಯಾವ ಕಡೆ ಸರಿದು ನಿಂತರೂ ಕೂಸಿನ ಕಣ್ಣು ನಿಮ್ಮನ್ನೇ ನೋಡುತ್ತದೆ ಎಂದು ಊರಿನವರು ತೋರಿಸುತ್ತಾರೆ. ವಟಪತ್ರಶಾಯಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಾಲ್ಬೆರಳನ್ನು ಬಾಯಿಗಿಟ್ಟುಕೊಂಡ ಕೂಸು. ಆ ಬೆರಳನ್ನು ಯಾರೂ ಬೈದು ಬಿಡಿಸಿಲ್ಲ, ಬೇವಿನೆಣ್ಣೆಯನ್ನೂ ಹಚ್ಚಿಲ್ಲ. ಆದರೆ ಎರಡನೇ ತರಗತಿಯ ಹುಡುಗಿಯೊಬ್ಬಳು ಪಾಠದ ನಡುವೆ ಹೆಬ್ಬೆರಳು ಚೀಪುತ್ತಾ ಕೂತರೆ ಮೇಷ್ಟರ ದನಿ ಏರುತ್ತದೆ, ಪಕ್ಕದವರು ನಗುತ್ತಾರೆ. ಕೂಸಿನ ಬಾಯಲ್ಲಿ ಚೆಂದ ಕಂಡದ್ದು ಶಾಲೆಯ ಬೆಂಚಿನ ಮೇಲೆ ಯಾವಾಗ ದುರಭ್ಯಾಸವಾಯಿತು? ಸುಮಾರು ನೂರೈವತ್ತು ವರ್ಷಗಳಿಂದ ವೈದ್ಯರು, ಮನಶ್ಶಾಸ್ತ್ರಜ್ಞರು, ದಂತವೈದ್ಯರು ಕೆದಕುತ್ತಾ ಬಂದಿರುವುದು ಈ ಒಂದು ಪ್ರಶ್ನೆಯನ್ನೇ.

ಆಂಧ್ರದ ಅನಂತಪುರ ಜಿಲ್ಲೆಯ ಕಲ್ಯಾಣದುರ್ಗ ದಾಟಿ ಕರ್ನಾಟಕದ ಗಡಿಯತ್ತ ನಡೆದರೆ ಬ್ರಹ್ಮಸಮುದ್ರ ಸಿಗುತ್ತದೆ. ವೇದಾವತಿ ಹಗರಿಯಾಗಿ ಹರಿಯುವ ಸೀಮೆ, ಕಡಲೆಕಾಯಿ ಬೆಳೆಯುವ ಕೆಂಪು ಹೊಲಗಳು, ಮನೆಯಲ್ಲಿ ಕನ್ನಡ ಬೀದಿಯಲ್ಲಿ ತೆಲುಗು ಆಡುವ ಜನ. ಇಂಥ ಊರಿನ ಮಗುವಿನ ಚೀಪುವ ಚಟವನ್ನು ಪತ್ತೆಹಚ್ಚಲು ಬಾಯನ್ನು ನೋಡಬೇಕಾಗಿಯೂ ಇಲ್ಲ. ಅನುಭವವಿರುವ ದಂತವೈದ್ಯರು ಮೊದಲು “ಕೈ ತೋರಿಸು ಮರಿ” ಅನ್ನುತ್ತಾರೆ. ಮಣ್ಣಾಟ ಆಡಿ ಬಂದ ಕೈಯಲ್ಲಿ ಒಂಬತ್ತು ಬೆರಳಿಗೆ ಕೆಮ್ಮಣ್ಣು ಮೆತ್ತಿದ್ದು, ಒಂದು ಹೆಬ್ಬೆರಳು ಮಾತ್ರ ತೊಳೆದಿಟ್ಟಷ್ಟು ಬಿಳುಪಾಗಿ, ನೀರಲ್ಲಿ ನೆನೆದಂತೆ ಸುಕ್ಕಾಗಿ, ಗೆಣ್ಣಿನ ಮೇಲೆ ಜಡ್ಡುಗಟ್ಟಿ ಇದ್ದರೆ ಬೇರೆ ಸಾಕ್ಷಿ ಬೇಡ.

ಕತ್ತರಿಯ ಕಾಲ

ಶಾಸ್ತ್ರ ಶುರುವಾಗುವ ಮುಂಚೆ ಇದ್ದದ್ದು ಹೆದರಿಕೆ. ನಮ್ಮಲ್ಲಿ ಬೇವಿನೆಣ್ಣೆ, ಹಾಗಲಕಾಯಿ ರಸ, ಹೆಚ್ಚೆಂದರೆ ಬೆರಳಿಗೆ ಬಟ್ಟೆ ಸುತ್ತುವುದು. ಫ್ರಾಂಕ್‌ಫರ್ಟಿನ ವೈದ್ಯ ಹೈನ್‌ರಿಶ್ ಹಾಫ್‌ಮನ್ ತನ್ನ ಪುಟ್ಟ ಮಗನಿಗಾಗಿ ಬರೆದು 1845ರಲ್ಲಿ ಅಚ್ಚು ಹಾಕಿಸಿದ ‘ಸ್ಟ್ರುವೆಲ್‌ಪೀಟರ್’ ಪುಸ್ತಕದಲ್ಲಂತೂ, ಅಮ್ಮ ಬೇಡವೆಂದರೂ ಬೆರಳು ಚೀಪಿದ ಹುಡುಗನ ಎರಡು ಹೆಬ್ಬೆರಳನ್ನೂ ದರ್ಜಿಯೊಬ್ಬ ದೊಡ್ಡ ಕತ್ತರಿಯಿಂದ ಕತ್ತರಿಸಿಬಿಡುತ್ತಾನೆ. ಯುರೋಪಿನ ಹಲವು ತಲೆಮಾರಿನ ಮಕ್ಕಳು ಈ ಚಿತ್ರ ನೋಡಿ ಬೆಳೆದರು. ಬೆರಳು ಬಾಯಿಗೆ ಹೋಗುವುದು ಮಗುವಿನ ಹಟ, ಹಟಕ್ಕೆ ಶಿಕ್ಷೆಯೇ ಮದ್ದು ಎಂಬುದು ಎರಡೂ ಕಡೆಯ ಹಿರಿಯರ ನಂಬಿಕೆ.

1879ರಲ್ಲಿ ಬುಡಾಪೆಸ್ಟಿನ ಮಕ್ಕಳ ವೈದ್ಯ ಲಿಂಡ್ನರ್ ಚೀಪುವ ಮಕ್ಕಳನ್ನು ಬೈಯದೆ ಕೂತು ನೋಡಿದರು. ಬೆರಳು ಚೀಪುವವರು, ತುಟಿ ಚೀಪುವವರು, ಚೀಪುತ್ತಾ ಕಿವಿಯನ್ನೋ ಕೂದಲನ್ನೋ ಸವರಿಕೊಳ್ಳುವವರು ಎಂದು ವಿಂಗಡಿಸಿ ಬರೆದರು. ಈ ಲೇಖನವನ್ನೇ ಆಧರಿಸಿ 1905ರಲ್ಲಿ ಫ್ರಾಯ್ಡ್, ಚೀಪುವುದು ಹಸಿವಿನದ್ದಲ್ಲ, ಬಾಯಿಯ ಸುಖದ್ದು ಎಂದು ವಾದಿಸಿದ. 1928ರಲ್ಲಿ ಅಮೆರಿಕದ ಡೇವಿಡ್ ಲೆವಿ ಇನ್ನೊಂದು ದಾರಿ ಹಿಡಿದರು: ಹಾಲು ಕುಡಿಯುವಾಗ ಚೀಪುವ ಆಸೆ ತೀರದೆ ಉಳಿದರೆ ಅದು ಬೆರಳಿನ ಮೇಲೆ ತಿರುಗುತ್ತದೆ. ಬೇಗ ಹಾಲು ಸುರಿಯುವ ಬಾಟಲಿಯಿಂದ ಕುಡಿದ ನಾಯಿಮರಿಗಳು ಹೊಟ್ಟೆ ತುಂಬಿದ ಮೇಲೂ ಹೆಚ್ಚು ಚೀಪುತ್ತವೆ ಎಂದು ಮುಂದೆ ಪ್ರಯೋಗದಲ್ಲೂ ತೋರಿಸಿದರು.

ಇವೆರಡರಲ್ಲಿ ಯಾವುದು ಸರಿ ಎಂಬ ಜಗಳ ದಶಕಗಟ್ಟಲೆ ನಡೆಯಿತು. ಒಂದು ಲಾಭವಂತೂ ಆಯಿತು: ಅಪರಾಧಿಯ ಕಟಕಟೆಯಿಂದ ಮಗು ಕೆಳಗಿಳಿಯಿತು. ಆದರೆ ಫ್ರಾಯ್ಡ್‌ನ ಹಿಂದೆಯೇ ಹೊಸದೊಂದು ಹೆದರಿಕೆಯೂ ಬಂತು. ಬಲವಂತವಾಗಿ ಬಿಡಿಸಿದರೆ ಮನಸ್ಸಿನ ಗಂಟು ಬೇರೆಲ್ಲೋ ಒಡೆದು, ಮಗು ಹಾಸಿಗೆ ಒದ್ದೆ ಮಾಡಲು, ಉಗ್ಗಲು ಶುರು ಮಾಡಬಹುದು! ತಂದೆತಾಯಂದಿರಿಗೆ ಬಿಡಿಸುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ. 1967ರಲ್ಲಿ ಕೆನಡಾದ ಹ್ಯಾರಿಯೆಟ್ ಮತ್ತು ಸಂಗಡಿಗರು, ಚೀಪುವ ಮಕ್ಕಳನ್ನು ಗುಂಪುಗಳಾಗಿ ಮಾಡಿ ಬೇರೆಬೇರೆ ಉಪಾಯಗಳನ್ನು ಹೋಲಿಸಿ ನೋಡಿದರು. ಅಂಗುಳಕ್ಕೆ ತಂತಿಯ ತಡೆ ಕೂರಿಸಿದ ಮಕ್ಕಳಲ್ಲಿ ಹೆಚ್ಚಿನವರು ಚೀಪುವುದನ್ನು ಬಿಟ್ಟರು. ಭಯಪಟ್ಟಂತೆ ಹೊಸ ಚಟಗಳೇನೂ ತಲೆಯೆತ್ತಲಿಲ್ಲ.

ಮೂಗಿನ ಕಡೆ ತಿರುಗಿದ ಕಣ್ಣು

ಇದಕ್ಕೆ ನೂರು ವರ್ಷ ಮೊದಲೇ ಇನ್ನೊಂದು ಎಳೆ ಬೇರೆ ಕಡೆಯಿಂದ ಶುರುವಾಗಿತ್ತು. ಅಮೆರಿಕದ ಮೂಲನಿವಾಸಿಗಳ ಚಿತ್ರ ಬರೆದು ಹೆಸರಾದ ಜಾರ್ಜ್ ಕ್ಯಾಟ್ಲಿನ್ 1860ರ ದಶಕದಲ್ಲಿ ಉಸಿರಾಟದ ಬಗ್ಗೆ ಪುಸ್ತಕವೊಂದನ್ನು ಬರೆದ. ಬಾಯಿ ತೆರೆದು ಮಲಗುವುದೇ ಸಕಲ ರೋಗಗಳ ಮೂಲವೆಂಬ ಅವನ ವಾದ ಉತ್ಪ್ರೇಕ್ಷೆ. ಆದರೆ ಮಲಗಿದ ಮಕ್ಕಳ ತುಟಿ ಮುಚ್ಚಿದೆಯೇ ಎಂದು ನೋಡಿದ ಅವನ ಕಣ್ಣು ವೈದ್ಯರ ಕಣ್ಣಿಗಿಂತ ಮುಂದಿತ್ತು. 1868ರಲ್ಲಿ ಕೋಪನ್‌ಹೇಗನ್‌ನ ವಿಲ್‌ಹೆಲ್ಮ್ ಮೇಯರ್, ಮೂಗಿನ ಹಿಂಬದಿಯಲ್ಲಿ ಬೆಳೆದು ಉಸಿರಿನ ದಾರಿ ಮುಚ್ಚುವ ಗೆಡ್ಡೆಯಂಥ ಅಂಗಾಂಶವನ್ನು ಗುರುತಿಸಿದರು. ಈಗ ಎಲ್ಲರ ಬಾಯಲ್ಲೂ ಇರುವ ‘ಅಡಿನಾಯ್ಡ್’ ಅದೇ. ಹಲ್ಲುಗಳ ಜೋಡಣೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿದ ಎಡ್ವರ್ಡ್ ಆಂಗಲ್, 1907ರ ತನ್ನ ಗ್ರಂಥದಲ್ಲಿ ಹಲ್ಲು ವಕ್ರವಾಗಲು ಬಾಯಿಯಿಂದ ಉಸಿರಾಡುವುದೂ ದೊಡ್ಡ ಕಾರಣವೆಂದು ಬರೆದ.

ಅಲ್ಲಿಂದ ಮುಂದೆ ಪ್ರಶ್ನೆಯ ರೂಪವೇ ಬದಲಾಯಿತು. ಬಾಯಿ ತೆರೆದುಕೊಂಡಿರುವ ಮಗುವಿಗೆ “ಬಾಯಿ ಮುಚ್ಚು” ಎಂದು ಗದರಿದರೆ ಏನು ಪ್ರಯೋಜನ? ಮೂಗು ಕಟ್ಟಿದ್ದರೆ ಅದು ಬಾಯಿಯಿಂದಲೇ ಉಸಿರಾಡಬೇಕಲ್ಲ! 1970ರಲ್ಲಿ ಸ್ವೀಡನ್ನಿನ ಲಿಂಡರ್-ಆರನ್‌ಸನ್, ಅಡಿನಾಯ್ಡ್ ದೊಡ್ಡದಾಗಿರುವ ಮಕ್ಕಳ ಮುಖ, ದವಡೆ, ಹಲ್ಲುಗಳ ಅಳತೆಗಳನ್ನು ಉಳಿದ ಮಕ್ಕಳ ಅಳತೆಗಳ ಜೊತೆ ಹೋಲಿಸಿದರು. 1981ರಲ್ಲಿ ಅಮೆರಿಕದ ಹಾರ್‌ವೋಲ್ಡ್, ಮೂಗು ಮುಚ್ಚಿಸಿದ ಕೋತಿಗಳಲ್ಲಿ ದವಡೆಯ ಬೆಳವಣಿಗೆ ಹೇಗೆ ಬದಲಾಗುತ್ತದೆ ಎಂಬ ಪ್ರಯೋಗಗಳ ಫಲವನ್ನು ಪ್ರಕಟಿಸಿದರು. ಎಲ್ಲ ಕೋತಿಗಳೂ ಒಂದೇ ರೀತಿ ಬಾಯಿ ತೆರೆಯಲಿಲ್ಲ. ಹಾಗಾಗಿ ಎಲ್ಲದರ ಹಲ್ಲೂ ಒಂದೇ ರೀತಿ ಸರಿಯಲಿಲ್ಲ. ಬಾಯಿಯಿಂದ ಉಸಿರಾಡುವುದೇ ನೇರವಾಗಿ ಮುಖವನ್ನು ಕೆಡಿಸುವುದಿಲ್ಲ. ಉಸಿರಿಗಾಗಿ ನಾಲಿಗೆ ಎಲ್ಲಿ ಇಳಿದು ಕೂರುತ್ತದೆ, ದವಡೆ ಎಷ್ಟು ಜೋಲುತ್ತದೆ ಎಂಬುದರ ಮೇಲೆ ಉಳಿದದ್ದು ನಿಂತಿದೆ.

ಎಷ್ಟು ಜೋರು ಅಲ್ಲ, ಎಷ್ಟು ಹೊತ್ತು

ಹೆಬ್ಬೆರಳು ಬಾಯೊಳಗೆ ಮಾಡುವ ಕೆಲಸವನ್ನು ಹತ್ತಿರದಿಂದ ನೋಡೋಣ. ಬೆರಳಿನ ತುದಿ ಅಂಗುಳಕ್ಕೆ ತಾಗಿ ಮೇಲಿನ ಬಾಚಿಹಲ್ಲುಗಳನ್ನು ಮುಂದಕ್ಕೆ ಒತ್ತುತ್ತದೆ. ಅದರ ಬುಡ ಕೆಳಗಿನ ಬಾಚಿಹಲ್ಲುಗಳನ್ನು ಒಳಕ್ಕೆ ತಳ್ಳುತ್ತದೆ. ಬೆರಳು ಇರುವ ಜಾಗದಲ್ಲಿ ನಾಲಿಗೆ ಕೆಳಗಿಳಿಯಬೇಕು. ನಾಲಿಗೆ ಇಳಿದರೆ ಮೇಲಿನ ದವಡೆಗೆ ಒಳಗಿನ ಆಸರೆ ತಪ್ಪುತ್ತದೆ. ಚೀಪುವಾಗ ಬಿಗಿಯುವ ಕೆನ್ನೆ ಅದನ್ನು ಎರಡೂ ಬದಿಯಿಂದ ಅದುಮಿ ಕಿರಿದಾಗಿಸುತ್ತದೆ. ಹಿಂದಿನ ಹಲ್ಲು ಕಚ್ಚಿ ಹಿಡಿದರೂ ಮುಂದೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಕಿಂಡಿ ಉಳಿಯುತ್ತದೆ. ಆ ಕಿಂಡಿಯನ್ನು ಮುಚ್ಚದೆ ಎಂಜಲು ನುಂಗಲಾಗದು, ಮುಚ್ಚಲು ನಾಲಿಗೆ ಮುಂದೆ ಬರುತ್ತದೆ. ನಾಲಿಗೆ ದೂಡುವ ಅಭ್ಯಾಸ ಶುರುವಾಗುವುದು ಹೀಗೂ. ಕನ್ನಡದ ಮಗುವಾದರೆ ‘ಸ’ ಹೇಳುವಾಗ ನಾಲಿಗೆಯ ತುದಿ ಹಲ್ಲಿನ ಸಂದಿಯಲ್ಲಿ ಇಣುಕುತ್ತದೆ. ‘ಸಕ್ಕರೆ’ ಎಂಬ ಮಾತು ಗಾಳಿ ಸೋರಿದಂತೆ ಕೇಳುತ್ತದೆ. 1960ರ ದಶಕದಲ್ಲಿ ಮೈಸೂರಿನಲ್ಲಿ ತಲೆಯೆತ್ತಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆಗಳಿಗೆ ಇಂಥ ಮಕ್ಕಳನ್ನು ಕರೆತರುವುದು ಮಾತಿನ ತೊಡಕಿಗಾಗಿ. ಆ ತೊಡಕಿನ ಬೇರು ಹಲ್ಲಿನಲ್ಲಿರಬಹುದು.

1960ರಲ್ಲಿ ವಾಲ್ಟರ್ ಸ್ಟ್ರಾಬ್, ಬಾಟಲಿ ಹಾಲಿನಿಂದ ನಾಲಿಗೆ ದೂಡುವ ಚಟ ಹುಟ್ಟುತ್ತದೆ, ಅದೇ ಹಲ್ಲನ್ನು ಮುಂದೆ ತಳ್ಳುತ್ತದೆ ಎಂದು ಬರೆದಾಗ ನಾಲಿಗೆಗೆ ವ್ಯಾಯಾಮ ಹೇಳಿಕೊಡುವವರ ದೊಡ್ಡ ಪಡೆಯೇ ಎದ್ದಿತು. 1978ರಲ್ಲಿ ವಿಲಿಯಂ ಪ್ರಾಫಿಟ್ ಇದಕ್ಕೆ ಒಂದು ಲೆಕ್ಕ ಇಟ್ಟರು. ನಾವು ದಿನಕ್ಕೆ ಸುಮಾರು ಸಾವಿರ ಸಲ ನುಂಗುತ್ತೇವೆ, ಒಂದೊಂದು ಸಲ ನಾಲಿಗೆ ಹಲ್ಲಿಗೆ ಒತ್ತುವುದು ಒಂದು ಸೆಕೆಂಡು. ಎಲ್ಲ ಕೂಡಿಸಿದರೂ ಕೆಲವೇ ನಿಮಿಷ. ಹಲ್ಲು ಸರಿಯಬೇಕಾದರೆ ಒತ್ತಡ ದಿನಕ್ಕೆ ಗಂಟೆಗಟ್ಟಲೆ, ಸುಮಾರು ಆರು ಗಂಟೆಯಾದರೂ ಇರಬೇಕು. ಅಂದರೆ ನುಂಗುವಾಗ ನಾಲಿಗೆ ಎಷ್ಟು ಜೋರಾಗಿ ತಳ್ಳುತ್ತದೆ ಎಂಬುದು ದೊಡ್ಡ ಮಾತಲ್ಲ. ಸುಮ್ಮನಿರುವಾಗ ಎಲ್ಲಿ ಕೂತಿರುತ್ತದೆ ಎಂಬುದು ದೊಡ್ಡ ಮಾತು. ಬೈಗುಳದ ಹೊತ್ತಿನಲ್ಲಿ ಜೋರಾಗಿ ಚೀಪಿ ಬಿಡುವ ಮಗುವಿಗಿಂತ, ರಾತ್ರಿಯಿಡೀ ಮೆತ್ತಗೆ ಬೆರಳಿಟ್ಟುಕೊಂಡು ಮಲಗುವ ಮಗುವಿನ ಹಲ್ಲು ಹೆಚ್ಚು ಕೆಡುತ್ತದೆ. ಈ ಕ್ಷೇತ್ರಕ್ಕೆ ಗಡಿಯಾರ ಸಿಕ್ಕಿದ್ದು ಆಗ.

ಗಡಿಯಾರದ ಜೊತೆಗೆ ಕ್ಯಾಲೆಂಡರೂ ಬಂತು. ಚೀಪುವುದನ್ನು ಮಗು ಗರ್ಭದಲ್ಲೇ ಕಲಿತು ಬಂದಿರುತ್ತದೆ. ಹೆಚ್ಚಿನ ಮಕ್ಕಳು ಎರಡರಿಂದ ನಾಲ್ಕು ವರ್ಷದೊಳಗೆ ತಾವಾಗಿಯೇ ಬಿಡುತ್ತಾರೆ. ಅಮೆರಿಕದ ಅಯೋವಾದಲ್ಲಿ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿ ನೋಡಿದ ವಾರೆನ್, ಬಿಶಾರಾ ಮತ್ತು ಸಂಗಡಿಗರು 2001ರಲ್ಲಿ, ನಾಲ್ಕು ವರ್ಷ ದಾಟಿಯೂ ಚೀಪುವವರ ಹಾಲುಹಲ್ಲಿನ ಸಾಲಿನಲ್ಲಿ ತೊಂದರೆ ಹೆಚ್ಚು ಎಂದು ತೋರಿಸಿದರು. ಆರೇಳನೇ ವರ್ಷಕ್ಕೆ ಶಾಶ್ವತ ಬಾಚಿಹಲ್ಲು ಮೂಡುತ್ತವೆ. ಅದಕ್ಕೆ ಮೊದಲೇ ಬೆರಳು ಹೊರಬಂದರೆ ಕಿಂಡಿ ಎಷ್ಟೋ ಸಲ ತಾನೇ ಮುಚ್ಚಿಕೊಳ್ಳುತ್ತದೆ. ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ: ಆಲದೆಲೆಯ ಕೂಸಿಗೆ ಅದು ದುರಭ್ಯಾಸವಲ್ಲ, ಒಂದನೇ ತರಗತಿ ದಾಟಿದ ಮಗುವಿಗೆ ಹೌದು.

ಮಂಗಳೂರಿನ ಲೆಕ್ಕ, ದೆಹಲಿಯ ಲೆಕ್ಕ

ನಮ್ಮ ದೇಶದಲ್ಲಿ ಮಕ್ಕಳ ದಂತವೈದ್ಯಕ್ಕೆ ತನ್ನದೇ ಸಂಘ ಕಟ್ಟಿಕೊಳ್ಳಲು 1979 ಬರಬೇಕಾಯಿತು. ಆಮೇಲಿನ ದಶಕಗಳಲ್ಲಿ ಶಾಲೆಗಳಿಗೆ ಹೋಗಿ ಎಣಿಸುವ ಕೆಲಸ ಬಲಗೊಂಡಿತು. ಕನ್ನಡನಾಡಿಗೆ ಮುಖ್ಯವಾದದ್ದು ಶೆಟ್ಟಿ ಮತ್ತು ಮುನ್ಶಿ ಅವರು 1998ರಲ್ಲಿ ಆ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಮಂಗಳೂರಿನ ಸಮೀಕ್ಷೆ. 4590 ಶಾಲಾಮಕ್ಕಳನ್ನು ನೋಡಿದರು, ಶೇ 29.7 ಮಂದಿಗೆ ಏನಾದರೊಂದು ಅಭ್ಯಾಸವಿತ್ತು. ಉಗುರು ಕಚ್ಚುವವರು ಶೇ 12.7, ಪೆನ್ಸಿಲ್ ಕಚ್ಚುವವರು ಶೇ 9.8, ಹಲ್ಲು ಕಡಿಯುವವರು ಶೇ 6.2, ತುಟಿ ಅಥವಾ ಕೆನ್ನೆ ಕಚ್ಚುವವರು ಶೇ 6, ಬಾಯಿಯಿಂದ ಉಸಿರಾಡುವವರು ಶೇ 4.6, ಬೆರಳು ಚೀಪುವವರು ಶೇ 3.1, ನಾಲಿಗೆ ದೂಡುವವರು ಶೇ 3.02.

ಈ ಅಂಕಿಗಳನ್ನು ಕೂಡಿಸಿದರೆ ನಲವತ್ತೈದು ದಾಟುತ್ತದೆ. ಅಂದರೆ ಒಂದೇ ಮಗುವಿಗೆ ಎರಡು ಮೂರು ಅಭ್ಯಾಸಗಳು. ವಯಸ್ಸಿನ ಲೆಕ್ಕ ಇನ್ನೂ ಮಾತಾಡುತ್ತದೆ: 3ರಿಂದ 6 ವರ್ಷದವರಲ್ಲಿ ಬೆರಳು, ಪೆನ್ಸಿಲ್, ನಾಲಿಗೆ, 7ರಿಂದ 12ರಲ್ಲಿ ಬಾಯುಸಿರು, ಹಲ್ಲು ಕಡಿತ, 13ರಿಂದ 16ರಲ್ಲಿ ಉಗುರು, ತುಟಿ. ಮಗು ದೊಡ್ಡದಾದಂತೆ ಹೆಬ್ಬೆರಳು ಬಾಯಿಂದ ಇಳಿದರೂ ಕೈ ಪೂರ್ತಿ ಇಳಿಯಲಿಲ್ಲ, ಚೀಪುತ್ತಿದ್ದದ್ದನ್ನು ಕಚ್ಚತೊಡಗಿತು. ಬೆರಳು ಚೀಪುವುದು, ಬಾಯುಸಿರು, ಹಲ್ಲು ಕಡಿತ ಹುಡುಗರಲ್ಲಿ ಹೆಚ್ಚು; ಉಗುರು, ಪೆನ್ಸಿಲ್, ತುಟಿ ಕಚ್ಚುವುದು ಹುಡುಗಿಯರಲ್ಲಿ ಹೆಚ್ಚು.

2003ರಲ್ಲಿ ಖರಬಂದಾ ಮತ್ತು ಸಂಗಡಿಗರ ದೆಹಲಿ ಸಮೀಕ್ಷೆ ಬಂತು. 5ರಿಂದ 13 ವರ್ಷದ 5554 ಮಕ್ಕಳು. ಅಭ್ಯಾಸವಿದ್ದವರು ಶೇ 25.5. ಮೇಲ್ನೋಟಕ್ಕೆ ಮಂಗಳೂರಿಗೂ ದೆಹಲಿಗೂ ದೊಡ್ಡ ಅಂತರವಿಲ್ಲ. ಒಳಗೆ ಇಣುಕಿದರೆ ಬೇರೆಯೇ ಲೋಕ. ದೆಹಲಿಯಲ್ಲಿ ನಾಲಿಗೆ ದೂಡುವವರೇ ಶೇ 18.1, ಮಂಗಳೂರಿನ ಆರು ಪಟ್ಟು! ಬಾಯುಸಿರು ಶೇ 6.6, ಬೆರಳು ಚೀಪುವುದು ಶೇ 0.7 ಮಾತ್ರ, ತುಟಿ ಕಚ್ಚುವುದು ಶೇ 0.04. ಇವನ್ನು ಕೂಡಿಸಿದರೆ ಹೆಚ್ಚುಕಮ್ಮಿ ಶೇ 25.5 ಬರುತ್ತದೆ, ಒಂದು ಮಗುವಿಗೆ ಒಂದೇ ಅಭ್ಯಾಸ ಎಂಬಂತೆ ಎಣಿಕೆ ನಡೆದಂತೆ ತೋರುತ್ತದೆ.

ದೆಹಲಿಯ ಮಕ್ಕಳ ನಾಲಿಗೆ ಬೇರೆ, ಕರಾವಳಿಯ ಮಕ್ಕಳ ನಾಲಿಗೆ ಬೇರೆ ಎನ್ನಲಾದೀತೆ? ಬೇರೆಯಿರುವುದು ನೋಡುವವರ ಕೈಯಲ್ಲಿರುವ ಪಟ್ಟಿ. ನುಂಗುವಾಗ ನಾಲಿಗೆ ಹಲ್ಲಿಗೆ ತಾಗಿದರೆ ಸಾಕೇ, ಹಲ್ಲಿನ ನಡುವೆ ಹೊರಬರಬೇಕೇ? ಐದು ವರ್ಷದ ಮಗುವಿನ ನುಂಗುವಿಕೆ ಇನ್ನೂ ಪಕ್ವವಾಗಿರುವುದಿಲ್ಲ. ಅದನ್ನೂ ಚಟವೆಂದು ಬರೆಯಬೇಕೇ? ಹಲ್ಲು ಕಡಿಯುವುದು ರಾತ್ರಿಯ ಮಾತು. ಶಾಲೆಯ ಹಗಲಿನಲ್ಲಿ ನೋಡುವವರಿಗೆ ಸಿಗುವುದು ಸವೆದ ಹಲ್ಲು, ಇಲ್ಲವೇ ತಾಯಿಯ ಮಾತು. ಈ ವಿಷಯದ ಶೇಕಡಾ ಲೆಕ್ಕ ಓದುವಾಗ ಎಷ್ಟು ಮಂದಿ ಎಂಬುದಕ್ಕಿಂತ ಮೊದಲು ಏನನ್ನು ಎಣಿಸಿದರು, ಯಾರನ್ನು ಕೇಳಿದರು ಎಂದು ನೋಡಬೇಕು.

ಪಟ್ಟಿಯ ಹೊರಗೆ

ಹಾಗೆ ನೋಡಿದರೆ ಪಟ್ಟಿಯಲ್ಲಿ ಇಲ್ಲದ್ದೂ ಕಾಣುತ್ತದೆ. ದೊಡ್ಡ ತರಗತಿಯ ಹುಡುಗರ ಜೇಬಿನ ಸಿಹಿ ಅಡಿಕೆ ಪೊಟ್ಟಣ ಮೇಲಿನ ಯಾವ ಸಾಲಿನಲ್ಲೂ ಇಲ್ಲ. ಚೀಪುವ ಬೆರಳು ಮಕ್ಕಳ ದಂತವೈದ್ಯರ ಪಾಲಿಗೆ ಬಂತು; ಅಗಿಯುವ ಅಡಿಕೆ ಬಾಯಿರೋಗ, ಕ್ಯಾನ್ಸರ್ ವೈದ್ಯರ ಪಾಲಿಗೆ ಹೋಯಿತು. 1952ರಲ್ಲಿ ಶ್ವಾರ್ಟ್ಸ್ ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ ಬಾಯಿ ಬಿಗಿದುಕೊಂಡು ತೆರೆಯಲಾಗದ ಸ್ಥಿತಿಯನ್ನು ಬರೆದಿಟ್ಟರು. ಮರುವರ್ಷ ಜೋಷಿ ಅದನ್ನು ಭಾರತದಲ್ಲೇ ಗುರುತಿಸಿದರು. ತಂಬಾಕು ಬೆರೆಯದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ಹೇಳುತ್ತದೆ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಆದರೆ ತಂಬಾಕಿಲ್ಲದ ಸಿಹಿ ಅಡಿಕೆ ಮಿಠಾಯಿಯ ಪಕ್ಕದಲ್ಲೇ ತೂಗಾಡುತ್ತದೆ. ಮಕ್ಕಳ ಬಾಯಿಗೆ ಹೋಗುವ ಕೆಟ್ಟದ್ದರಲ್ಲಿ ಉಗುರಿಗಿಂತ ಇದು ಎಷ್ಟೋ ಕೆಟ್ಟದ್ದು.

ಇನ್ನೊಂದು ಕಡೆ, ಅಭ್ಯಾಸದ ತಲೆಗೆ ಕಟ್ಟಬಾರದ್ದನ್ನು ಕಟ್ಟುವುದೂ ಉಂಟು. ಅನಂತಪುರ, ಪಾವಗಡದ ಸೀಮೆಯಲ್ಲಿ ಹಲ್ಲಿನ ಮಾತೆತ್ತಿದರೆ ಮೊದಲು ಬರುವುದು ಕಂದು ಬಣ್ಣ. ಸರಿಯಾಗಿ ಹಲ್ಲುಜ್ಜುವುದಿಲ್ಲವೆಂದು ಮಗುವಿಗೆ ಬೈಗುಳ ಬೀಳುತ್ತದೆ. ತಪ್ಪು ಕೊಳವೆಬಾವಿಯ ಫ್ಲೋರೈಡಿನದು. ಆಂಧ್ರದ ನೆಲ್ಲೂರು ಸೀಮೆಯಲ್ಲಿ 1937ರಲ್ಲೇ ಶಾರ್ಟ್ ಮತ್ತು ಸಂಗಡಿಗರು ಫ್ಲೋರೈಡಿನಿಂದ ಬರುವ ರೋಗವನ್ನು ವಿವರಿಸಿದ್ದರು. ಬಣ್ಣ ನೀರಿನದು, ಆಕಾರ ಅಭ್ಯಾಸದ್ದು ಎಂದು ಬೇರ್ಪಡಿಸಿ ನೋಡುವುದು ಗಡಿಸೀಮೆಯಲ್ಲಿ ಮೊದಲ ಪಾಠ. ಹಾಗೆಯೇ ನಿದ್ದೆಯಲ್ಲಿ ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳು ಎನ್ನುತ್ತಾರೆ ಅಜ್ಜಿಯರು. 2015ರಿಂದ ಶಾಲೆಗಳಲ್ಲಿ ಹುಳುವಿನ ಮಾತ್ರೆ ಕೊಡುವ ದಿನವೇ ಇದೆ, ಅದು ಬೇರೆ ಕಾರಣಕ್ಕೆ ಒಳ್ಳೆಯದು. ಮಾತ್ರೆ ನುಂಗಿಯೂ ಮಗು ಹಲ್ಲು ಕಡಿಯುತ್ತಿದ್ದರೆ ಗೊರಕೆ ಇದೆಯೇ, ಪರೀಕ್ಷೆಯ ಭಯವೇ, ಮನೆಯಲ್ಲಿ ಜಗಳವೇ ಎಂದು ವಿಚಾರಿಸಬೇಕು.

ಬಿಡಿಸುವ ವಿದ್ಯೆ

ಚಿಕಿತ್ಸೆಯೂ ಇದೇ ದಾರಿಯಲ್ಲಿ ನಡೆದು ಬಂದಿದೆ. 1973ರಲ್ಲಿ ಆಜ್ರಿನ್ ಮತ್ತು ನನ್, ಚಟ ಬಿಡಿಸಲು ಶಿಕ್ಷೆ ಬೇಡ, ಕೈಗೆ ಬೇರೆ ಕೆಲಸ ಕೊಡಿ ಎಂದರು. ಬೆರಳು ಬಾಯಿಯ ಕಡೆ ಹೊರಟದ್ದು ಮಗುವಿಗೆ ತಾನೇ ಗೊತ್ತಾಗಬೇಕು, ಗೊತ್ತಾದೊಡನೆ ಮುಷ್ಟಿ ಹಿಡಿಯಬೇಕು. ಅಂಗುಳದ ತಂತಿಯೂ ಮೆತ್ತಗಾಯಿತು: 1991ರಲ್ಲಿ ಹ್ಯಾಸ್ಕೆಲ್ ಮತ್ತು ಮಿಂಕ್ ವಿವರಿಸಿದ ‘ಬ್ಲೂಗ್ರಾಸ್’ ಸಾಧನದಲ್ಲಿ ಚುಚ್ಚುವ ಮುಳ್ಳಿಲ್ಲ, ಅಂಗುಳದ ಹತ್ತಿರ ತಿರುಗುವ ಪುಟ್ಟ ಉರುಳೆ ಇದೆ. ಮಗು ಅದನ್ನು ನಾಲಿಗೆಯಿಂದ ತಿರುಗಿಸಿ ಆಡುತ್ತದೆ, ಬೆರಳನ್ನು ಮರೆಯುತ್ತದೆ. ಕತ್ತರಿಯಿಂದ ಆಟಿಕೆಗೆ ಬರಲು ನೂರೈವತ್ತು ವರ್ಷ ಬೇಕಾಯಿತು.

ಇಷ್ಟೆಲ್ಲ ಬ್ರಹ್ಮಸಮುದ್ರದಂಥ ಊರಿನ ಶಾಲೆಗೆ ತಲುಪುವುದು ಹೇಗೆ? 2013ರ ಫೆಬ್ರವರಿಯಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ನೋಡಬೇಕಾದ 30 ತೊಂದರೆಗಳಲ್ಲಿ ಹಲ್ಲೂ ಒಂದು. ಸಾಲಾಗಿ ನಿಂತ ಮಕ್ಕಳಲ್ಲಿ ಒಬ್ಬೊಬ್ಬರಿಗೆ ಸಿಗುವುದು ಕೆಲವು ನಿಮಿಷ. ಅಷ್ಟರಲ್ಲಿ ಹುಳುಕು ಕಾಣುತ್ತದೆ, ಅಭ್ಯಾಸ ಕಾಣುವುದಿಲ್ಲ. ಅಭ್ಯಾಸವೆಂದರೇ ಹೊತ್ತು, ಹೊತ್ತನ್ನು ಕಾಣಬಲ್ಲವರು ಮಗುವಿನ ಜೊತೆ ದಿನವಿಡೀ ಇರುವವರು. ರಾತ್ರಿ ಬಾಯಿ ತೆರೆದಿತ್ತೇ, ಗೊರಕೆ ಇತ್ತೇ, ಬೆರಳು ಎಷ್ಟು ಹೊತ್ತು ಒಳಗಿತ್ತು ಎಂಬುದು ಪಕ್ಕದಲ್ಲಿ ಮಲಗುವ ಅವ್ವನಿಗೆ, ಅಜ್ಜಿಗೆ ಗೊತ್ತು. ಯಾವ ಪಾಠಕ್ಕೆ ಉಗುರು ಬಾಯಿಗೆ ಹೋಗುತ್ತದೆ ಎಂಬುದು ಟೀಚರಿಗೆ ಗೊತ್ತು. ನೂರೈವತ್ತು ವರ್ಷದ ಶಾಸ್ತ್ರ ಕೊನೆಗೆ ಬಂದು ನಿಂತಿರುವುದು ಇವರ ಎದುರಿಗೆ, ಬೈಯುವುದನ್ನು ಬಿಟ್ಟು ನೋಡಿದ್ದನ್ನು ಹೇಳಿ ಎಂಬ ಒಂದು ಕೋರಿಕೆಯೊಂದಿಗೆ.

ಇದಕ್ಕೆ ಯಂತ್ರವೂ ಬೇಡ. ಮಧ್ಯಾಹ್ನದ ಬಿಸಿಯೂಟ ಮುಗಿದ ಮೇಲೆ ನಲ್ಲಿಯ ಹತ್ತಿರ ಕೈ ತೊಳೆಯುವ ಮಕ್ಕಳಿಗೆ, ಕೊನೆಯ ಗುಟುಕು ನೀರನ್ನು ಬಾಯಲ್ಲಿ ಹಿಡಿದು ತುಟಿ ಮುಚ್ಚಿ ನಿಲ್ಲಿ, ಅರವತ್ತು ಎಣಿಸುತ್ತೇನೆ ಎನ್ನಬಹುದು. ಮಕ್ಕಳಿಗೆ ಅದು ಆಟ. ಮೂಗು ಸರಾಗವಾಗಿರುವ ಮಗು ಕಣ್ಣು ಮಿಟುಕಿಸುತ್ತಾ ನಿಲ್ಲುತ್ತದೆ. ಇಪ್ಪತ್ತಕ್ಕೇ ಕಣ್ಣರಳಿಸಿ ನೀರು ಚೆಲ್ಲಿ ಬಾಯಿ ತೆರೆಯುವ ಮಗುವಿಗೆ ನೆಗಡಿಯಿದ್ದರೆ ಒತ್ತಾಯ ಬೇಡ, ಇನ್ನೊಂದು ವಾರ ನೋಡಿದರಾಯಿತು. ವಾರವಾರವೂ ಅದೇ ಮಗುವೇ ನೀರು ಚೆಲ್ಲುತ್ತಿದ್ದರೆ ಅದು ಸೋತಿಲ್ಲ, ಅದರ ಮೂಗು ಕಟ್ಟಿರಬಹುದು. ಕಲ್ಯಾಣದುರ್ಗಕ್ಕೋ ಪಾವಗಡಕ್ಕೋ ಹೊರಡುವ ಮುಂದಿನ ಬಸ್ಸಿನಲ್ಲಿ ಅದನ್ನು ಡಾಕ್ಟರ ಹತ್ತಿರ ಕರೆದೊಯ್ಯಬೇಕು.